ಗೋಡೆಯೊಳಗಿನ ಅರವತ್ತು ವರ್ಷದ ಓವನ್: ಕೀಳೋದಾ, ಉಳಿಸೋದಾ?

ಸನ್ನಿವೇಲ್ ಸುಮಾ
ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಒಂದು ಐಕ್ಲರ್ ಮನೆ (ಜೋಸೆಫ್ ಐಕ್ಲರ್ ಅನ್ನುವ ಬಿಲ್ಡರ್ ಕಟ್ಟಿಸಿದ್ದು) ತೆಗೆದುಕೊಂಡೆವು. 1962ರಲ್ಲಿ ಕಟ್ಟಿದ್ದು. ಚಪ್ಪಟೆ ಸೂರು, ನೆಲದಿಂದ ಮೇಲಿನವರೆಗೆ ಗಾಜು, ಬಾಗಿಲು ತೆಗೆದ ಕೂಡಲೇ ತೊಟ್ಟಿಮನೆ ಹಾಗೆ ಆಕಾಶ ಕಾಣುವ ಅಂಗಳ. ಆ ಅಂಗಳ ನೋಡಿಯೇ ನಾನು ಸೋತಿದ್ದು.

ಈಗ ವಿಷಯಕ್ಕೆ ಬರುತ್ತೇನೆ. ಅಡುಗೆಮನೆ ಗೋಡೆಯಲ್ಲಿ, ನನ್ನ ಎದೆಯ ಎತ್ತರಕ್ಕೆ, ಒಂದು ಹಳೇ ಕರೆಂಟ್ ಓವನ್ ಕೂತಿದೆ. ನವಿಲಿನ ಕತ್ತಿನ ಬಣ್ಣ. ಕ್ರೋಮ್ ಹಿಡಿ. ಮೇಲೆ ದುಂಡು ಗಡಿಯಾರ. ಕಂಪನಿ ಹೆಸರಿನ ಬಿಲ್ಲೆ ಯಾವಾಗಲೋ ಉದುರಿಹೋಗಿ ಎರಡು ತೂತು ಮಾತ್ರ ಉಳಿದಿವೆ. ಒಳಗಿನ ದೀಪ ಹತ್ತುತ್ತದೆ, ಗಡಿಯಾರ ಗುಂಯ್ ಅಂತ ಓಡುತ್ತದೆ, ಆದರೆ ಬಿಸಿಯೇ ಆಗಲ್ಲ. ಬಿಸಿ ಮಾಡುವ ಎರಡು ಕಾಯಿಲುಗಳಲ್ಲಿ (coil) ಮೇಲಿನದೂ ಇಲ್ಲ, ಕೆಳಗಿನದೂ ಇಲ್ಲ. ರಿಪೇರಿಯವರೊಬ್ಬರು ಬಂದು ಐದು ನಿಮಿಷ ನೋಡಿ, "ಇದಕ್ಕೆ ಪಾರ್ಟ್ ಸಿಗಲ್ಲ, ಎಸೀರಿ" ಅಂದು ಬಂದ ಖರ್ಚು ಇಸ್ಕೊಂಡು ಹೋದರು.

ಹೊಸದು ಹಾಕೋಣ ಅಂದರೆ ಗೋಡೆಯ ಕಿಂಡಿ 22 ಮುಕ್ಕಾಲು ಇಂಚು ಕೂಡ ಇಲ್ಲ. ಈಗ ಅಂಗಡಿಯಲ್ಲಿ ಸಾಮಾನ್ಯವಾಗಿ ಇರೋದು 27 ಮತ್ತು 30 ಇಂಚಿನವು. ಅದನ್ನು ಕೂರಿಸಬೇಕಾದರೆ ಮನೆ ಜೊತೆಗೇ ಬಂದ ಮರದ ಕ್ಯಾಬಿನೆಟ್ ಕೊಯ್ಯಬೇಕು. ನಮ್ಮೆಜಮಾನ್ರು "ಕೊಯ್ಯಿಸು" ಅಂತಾರೆ. ನನಗೆ ಮನಸ್ಸಿಲ್ಲ. ಯಾರಾದರೂ ಇಂಥದ್ದನ್ನು ಸರಿ ಮಾಡಿಸಿದ್ದೀರಾ?

ಫ್ರೀಮಾಂಟ್ ಫಣಿ
ಎಸೀರಿ. ಹಳೇದು ಅಂದ ಮಾತ್ರಕ್ಕೆ ಎಲ್ಲಾ ಅಜ್ಜಿ ಒಡವೆ ಆಗಲ್ಲ.

ಹಾಸನ್ ಹುಡುಗ
ಸುಮಾ ಅವರೇ, ಮೊದಲ ಪ್ರಶ್ನೆ. ಓವನ್ ಒಳಗೆ ಈಗ ಏನಿದೆ? ನಮ್ಮ ಮನೆ ಓವನ್‌ನಲ್ಲಿ ಮೂರು ಬಾಣಲೆ, ಎರಡು ದೋಸೆ ಕಾವಲಿ, ಒಂದು ಮುರಿದ ಕುಕ್ಕರ್ ಇದೆ. ಹತ್ತು ವರ್ಷದಲ್ಲಿ ಒಂದು ಸಲವೂ ಆನ್ ಮಾಡಿಲ್ಲ. ಅದಕ್ಕೆ ಬಿಸಿ ಆಗುತ್ತೋ ಇಲ್ವೋ ಅನ್ನೋದೇ ನಮಗೆ ಗೊತ್ತಿಲ್ಲ.

ಸನ್ನಿವೇಲ್ ಸುಮಾ
ಹಹ್ಹ, ನಮ್ಮದರಲ್ಲಿ ಸದ್ಯಕ್ಕೆ ಇಡ್ಲಿ ತಟ್ಟೆ.

ತಂತಿ ಮಾಮ
ಸುಮಾ, ಎಸೆಯೋ ಮುಂಚೆ ಒಂದು ನಿಮಿಷ ನನ್ನ ಮಾತು ಕೇಳಮ್ಮ. ಮೂವತ್ತು ವರ್ಷ ವೈರಿನ ಜೊತೆ ಬದುಕಿದವನು ನಾನು.

ನೀನು ಹೇಳಿದ್ದರಲ್ಲೇ ಅರ್ಧ ಉತ್ತರ ಇದೆ. ಎರಡು ಕಾಯಿಲೂ ಒಟ್ಟಿಗೆ ಸುಟ್ಟುಹೋಗೋದು ಅಪರೂಪ. ಒಂದು ಹೋದರೆ ಇನ್ನೊಂದು ಕೆಂಪಗಾಗಬೇಕು. ಎರಡೂ ಸತ್ತಿವೆ ಅಂದರೆ ತೊಂದರೆ ಕಾಯಿಲಿನಲ್ಲಿಲ್ಲ, ಎರಡಕ್ಕೂ ಸೇರಿದ ಎಲ್ಲೋ ಒಂದು ಕಡೆ ಇದೆ. ದೀಪ, ಗಡಿಯಾರ ನಡೆಯೋದು 120 ವೋಲ್ಟಿನಲ್ಲಿ. ಕಾಯಿಲಿಗೆ 240 ಬೇಕು, ಅಂದರೆ ಎರಡು ಬಿಸಿ ತಂತಿ (ಕರೆಂಟು ತರುವ ಫೇಸ್ ತಂತಿ). ಅದರಲ್ಲಿ ಒಂದು ತಪ್ಪಿದರೂ ದೀಪ ಹತ್ತಬಹುದು, ಕಾಯಿಲು ತಣ್ಣಗೆ ಕೂತಿರುತ್ತೆ. ಪ್ಯಾನೆಲ್‌ಗೆ ಹೋಗಿ ಓವನ್ನಿನ ಜೋಡಿ ಬ್ರೇಕರನ್ನು ಪೂರ್ತಿ ಆಫ್ ಮಾಡಿ, ಮತ್ತೆ ಗಟ್ಟಿಯಾಗಿ ಆನ್ ಮಾಡು. ಅರ್ಧಂಬರ್ಧ ಬಿದ್ದ ಬ್ರೇಕರ್ ಕಣ್ಣಿಗೆ ಆನ್ ಇದ್ದಂತೆಯೇ ಕಾಣುತ್ತೆ.

ಅದಾದ ಮೇಲೆ ಗಡಿಯಾರದ ಕೆಳಗೆ ತಿರುಗಿಸುವ ಸಣ್ಣ ಗುಬ್ಬಿಗಳಿವೆಯಾ (ನಾಬ್) ನೋಡು. ಆ ಕಾಲದ ಓವನ್‌ಗಳಲ್ಲಿ ಮನೆಯಾಕೆ ಹೊರಗೆ ಹೋದಾಗ ತಾನಾಗೇ ಶುರುವಾಗಿ ತಾನಾಗೇ ನಿಲ್ಲೋ ಟೈಮರ್ ಇಡ್ತಿದ್ದರು. ಅದನ್ನು ಯಾರಾದರೂ "ಆಟೊಮ್ಯಾಟಿಕ್" ಕಡೆ ತಿರುಗಿಸಿ ಬಿಟ್ಟಿದ್ದರೆ ಓವನ್ ಬಿಸಿಯಾಗಲ್ಲ. ಯಾವ ಹೊತ್ತಿಗೆ ಶುರು ಮಾಡಬೇಕು ಅಂತ ಕಾಯ್ತಾ ಕೂತಿರುತ್ತೆ. ಸತ್ತಿದೆ ಅಂತ ಗುಜರಿಗೆ ಹೋದ ಎಷ್ಟೋ ಓವನ್‌ಗಳ ಕಥೆ ಇಷ್ಟೇ.

ಹಳೇಕಬ್ಬಿಣ
ಮಾಮ ಹೇಳಿದ್ದು ಸರಿ. ನಾನು ಓಕ್‌ಲ್ಯಾಂಡ್‌ನಲ್ಲಿ ಇಂಥವನ್ನು ಹುಡುಕಿ ಹುಡುಕಿ ತರುವ ಹುಚ್ಚ. ಗ್ಯಾರೇಜಿನಲ್ಲಿ ಈಗ ಮೂರಿವೆ, ಮನೆಯವಳಿಗೆ ಎರಡು ಅಂತ ಹೇಳಿದ್ದೇನೆ.

ಸುಮಾ ಅವರೇ, ಬಿಲ್ಲೆ ಹೋದರೂ ಮಾಡೆಲ್ ನಂಬರ್ ಹೋಗಿರಲ್ಲ. ಬಾಗಿಲು ತೆಗೆದು ಚೌಕಟ್ಟಿನ ಅಂಚಿನಲ್ಲಿ ಟಾರ್ಚ್ ಬಿಟ್ಟು ನೋಡಿ. ಜಿಡ್ಡಿನ ಕೆಳಗೆ ಸಣ್ಣ ತಗಡಿನ ಪಟ್ಟಿ ಇರುತ್ತದೆ. ಆ ನಂಬರ್ ಸಿಕ್ಕರೆ ಪಾರ್ಟ್ ಹುಡುಕೋದು ಸುಲಭ. "ಹಳೇ ಓವನ್ ಪಾರ್ಟ್" ಅಂತ ಹುಡುಕಿದರೆ ಏನೂ ಸಿಗಲ್ಲ.

ಫ್ರೀಮಾಂಟ್ ಫಣಿ
ಸರಿ, ಬಿಸಿ ಆಯ್ತು ಅಂತಾನೇ ಇಟ್ಕೊಳ್ಳಿ. ಅರವತ್ತು ವರ್ಷದ ವೈರು, ಧೂಳು ಉಸಿರಿಗೆ ಹೋದರೆ ಅಪಾಯವಾದ ಕಲ್ನಾರು (ಆಸ್ಬೆಸ್ಟಾಸ್), ಬಾಗಿಲು ಮುಟ್ಟಿದರೆ ಮಗುವಿನ ಕೈ ಸುಡುತ್ತೆ. ನೀವೆಲ್ಲ ಇದನ್ನು ಪ್ರೀತಿಯಿಂದ ಒರೆಸಿ ಇಟ್ಕೊಳ್ಳೋದು ನೋಡಿದರೆ ನನಗೆ ಅರ್ಥ ಆಗಲ್ಲ. 24 ಇಂಚಿನ ಹೊಸ ಓವನ್ ಈಗಲೂ ಬರುತ್ತೆ. ಯುರೋಪಿನ ಕಂಪನಿಗಳದ್ದು ಇದೆಯಲ್ಲ, ಬಾಷ್, ಮೀಲೆ.

ಗೋಧಿಹಿಟ್ಟು
ಫಣಿ, ಬರುತ್ತೆ. 24 ಇಂಚು ಅನ್ನೋದು ಮುಂಭಾಗದ ಅಗಲ, ಕಿಂಡಿಯೊಳಗೆ ಹೋಗೋ ಪೆಟ್ಟಿಗೆ ಅದಕ್ಕಿಂತ ಕಿರಿದು. ಆದರೆ ಎತ್ತರ ಹೊಂದಲ್ಲ. ಯುರೋಪಿನ 24 ಇಂಚಿನವು ಹೆಚ್ಚುಕಡಿಮೆ ಚೌಕ. ಹಳೇ ಅಮೆರಿಕನ್ ಕಿಂಡಿ ಉದ್ದುದ್ದ. ಮೇಲೋ ಕೆಳಗೋ ಪಟ್ಟಿ ಹೊಡೆದು ಮುಚ್ಚಬೇಕು. ಬೆಲೆಯೂ ಜಾಸ್ತಿ, ಆರಿಸಿಕೊಳ್ಳೋಕೂ ಹೆಚ್ಚು ಇಲ್ಲ. 30 ಇಂಚಿನದೇ ಅಗ್ಗ ಅನ್ನೋದು ಇಲ್ಲಿನ ತಮಾಷೆ.

ಇನ್ನೊಂದು ಮಾತು, ಸುಮಾ. ನೀವು ಬೇಕಿಂಗ್ ಮಾಡುವವರಾದರೆ ಒಳಗಿನ ಅಗಲ ಈಗಲೇ ಅಳೆದುಬಿಡಿ. 18 ಇಂಚಿನ ದೊಡ್ಡ ಟ್ರೇ ಹಳೇ ಓವನ್ ಹಲವಕ್ಕೆ ಹೋಗಲ್ಲ. ನಾನು ಟ್ರೇ ತಂದು ಮೂತಿ ಸಪ್ಪೆ ಮಾಡ್ಕೊಂಡು ವಾಪಸ್ ಕೊಟ್ಟವಳು.

ಬಸವನಗುಡಿ ಬಾಲು
ನಾನು ಬೆಂಗಳೂರಿನವನು, ಸುಮ್ನೆ ಓದ್ತಿದ್ದೆ. ಓವನ್ ಗೋಡೆಯೊಳಗೆ ಯಾಕ್ರೀ ಇಡ್ತಾರೆ? ನಮ್ಮಮ್ಮನ ಹತ್ತಿರ ದುಂಡಗಿನ ಅಲ್ಯೂಮಿನಿಯಂ ಓವನ್ ಇತ್ತು. ಮುಚ್ಚಳದಲ್ಲಿ ಬಳೆಯಷ್ಟು ಗಾಜಿನ ಕಿಟಕಿ. ಕೇಕ್ ಉಬ್ಬಿತಾ ಅಂತ ನಾವು ಮೂವರೂ ತಲೆಗೆ ತಲೆ ತಾಗಿಸಿ ನೋಡ್ತಿದ್ವಿ. ಕೆಲಸ ಮುಗಿದರೆ ಅಟ್ಟಕ್ಕೆ.

ಹಳೇಕಬ್ಬಿಣ
ಬಾಲು ಸಾರ್, ಒಳ್ಳೇ ಪ್ರಶ್ನೆ. ಅದಕ್ಕೂ ಮುಂಚೆ ಇಲ್ಲಿ ಒಲೆ ಮತ್ತು ಓವನ್ ಒಂದೇ ಪೆಟ್ಟಿಗೆ. ಓವನ್ ಕಾಲ ಹತ್ತಿರ, ಬಗ್ಗಿ ಎತ್ತಬೇಕು. ಎರಡನೇ ಮಹಾಯುದ್ಧ ಮುಗಿದ ಮೇಲೆ ಇವೆರಡನ್ನೂ ಬೇರೆ ಮಾಡಿದರು. ಒಲೆ ಕಟ್ಟೆ ಮೇಲೆ, ಓವನ್ ಗೋಡೆಯಲ್ಲಿ. 1947ರಲ್ಲಿ ಮೊದಲ ಗೋಡೆ ಓವನ್ ತಂದಿದ್ದು ತಾವೇ ಅಂತ ಥರ್ಮಡಾರ್ ಕಂಪನಿ ಹೇಳಿಕೊಳ್ಳುತ್ತದೆ. 1950ರ ದಶಕದಲ್ಲಿ ಜಿಇ, ವೆಸ್ಟಿಂಗ್‌ಹೌಸ್, ಹಾಟ್‌ಪಾಯಿಂಟ್ ಎಲ್ಲರೂ ಇದರ ಹಿಂದೆ ಬಿದ್ದರು. ಜಿಇಯವರ ಗುಲಾಬಿ, ಹಳದಿ, ಟರ್ಕಾಯ್ಸ್ ಬಣ್ಣಗಳು ಆಗ ದೊಡ್ಡ ಫ್ಯಾಷನ್. ಫ್ರಿಜ್, ಒಲೆ, ಓವನ್ ಎಲ್ಲಾ ಒಂದೇ ಬಣ್ಣ. ಸೀರೆಗೆ ಬ್ಲೌಸ್ ಹೊಂದಿಸಿದ ಹಾಗೆ.

ನನಗೆ ಇಷ್ಟದ್ದು ವೆಸ್ಟರ್ನ್ ಹಾಲಿಯ ಗ್ಯಾಸ್ ಓವನ್. ಬಾಗಿಲಲ್ಲಿ ಹಡಗಿನ ಕಿಟಕಿ ತರಹ ದುಂಡು ಗಾಜು. ಬಾಲು ಸಾರ್ ಅಮ್ಮನ ಓವನ್ನಿನ ಅಣ್ಣ ಅನ್ನಿ.

ಡ್ಯಾಲಸ್ ದೀಪು
ಫ್ರಿಜಿಡೇರ್ ಫ್ಲೇರ್ ಬಿಟ್ರಲ್ಲ! 1960ರ ಸುಮಾರಿನದು. ಓವನ್ ಬಾಗಿಲು ಮೇಲಕ್ಕೆ ಏಳುತ್ತೆ, ಕೆಳಗೆ ಒಲೆ ಡ್ರಾಯರ್ ತರಹ ಈಚೆ ಬರುತ್ತೆ. ಅಡುಗೆ ಆದ ಮೇಲೆ ಒಲೆಯನ್ನು ಒಳಕ್ಕೆ ತಳ್ಳಿಬಿಡೋದು. ಆಗ ಫ್ರಿಜಿಡೇರ್ ಕಾರು ಮಾಡೋ ಜನರಲ್ ಮೋಟರ್ಸ್ ಕೈಲಿತ್ತು. ಅದಕ್ಕೇ ನೋಡಿದರೆ ಕಾರಿನ ಡ್ಯಾಶ್‌ಬೋರ್ಡ್ ನೆನಪಾಗುತ್ತೆ.

ಧಾರವಾಡದಾಕಿ
ಒಲಿ ಒಳಗ ತಳ್ಳಿದ್ರ ರೊಟ್ಟಿ ಎಲ್ಲಿ ಸುಡೂದ್ರಿ?

ಸನ್ನಿವೇಲ್ ಸುಮಾ
ಮಾಮ!!! ನಿಮಗೆ ಒಂದು ಸೇರು ಪೇಡೆ!

ಬ್ರೇಕರ್ ಆಫ್-ಆನ್ ಮಾಡಿದೆ, ಏನೂ ಆಗಲಿಲ್ಲ. ಆಮೇಲೆ ಗಡಿಯಾರ ನೋಡಿದೆ. ಕೆಳಗೆ ಬಟಾಣಿಯಷ್ಟು ಎರಡು ಗುಬ್ಬಿ. ಅದರ ಸುತ್ತ ಬರೆದ ಅಕ್ಷರ ಒರೆಸಿ ಒರೆಸಿ ಅಳಿಸಿಹೋಗಿವೆ. ಮೊಬೈಲ್ ಟಾರ್ಚ್ ಅಡ್ಡ ಹಿಡಿದಾಗ "ಟೊ" ಅನ್ನುವಷ್ಟು ಕಂಡಿತು. ಹಳೇ ಎಣ್ಣೆ ಜಿಡ್ಡು ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿ ಹಿಡಿದಿತ್ತು. ಬಟ್ಟೆಗೆ ಬಿಸಿನೀರು ಅದ್ದಿ ಐದು ನಿಮಿಷ ಒತ್ತಿ ಹಿಡಿದೆ. ನಿಧಾನಕ್ಕೆ ತಿರುಗಿಸಿದೆ. ಟಕ್ ಅಂತ ಗುಬ್ಬಿ ಈಚೆಗೆ ಬಂತು. ಅಷ್ಟೇ. ಹತ್ತು ನಿಮಿಷಕ್ಕೆ ಕೆಳಗಿನ ಕಾಯಿಲು ನಿಗಿನಿಗಿ.

ಇನ್ನು ಹತ್ತು ನಿಮಿಷಕ್ಕೆ ಮನೆ ತುಂಬಾ ಹೊಗೆ, ಅಲಾರಂ ಬೊಬ್ಬೆ, ಮಗಳು ಅಂಗಳಕ್ಕೆ ಓಟ. ಅದು ಬೇರೆ ಕಥೆ.

ಫ್ರೀಮಾಂಟ್ ಫಣಿ
ಇಡ್ಲಿ ತಟ್ಟೆ ತೆಗೆದಿದ್ರಾ?

ಸನ್ನಿವೇಲ್ ಸುಮಾ
ತೆಗೆದಿದ್ದೆ ಫಣಿ 😄 ಅದು ಹಳೇ ಧೂಳು, ಹಳೇ ಕೊಬ್ಬು.

ತಂತಿ ಮಾಮ
ಪೇಡೆ ಕಳಿಸು, ಆದರೆ ಇಲ್ಲಿಗೇ ನಿಲ್ಲಿಸಬೇಡ. ಬಿಸಿ ಆಯಿತು ಅಂತ ಖುಷಿಯಲ್ಲಿ ನಾಳೆಯೇ ಕೇಕ್ ಇಡಬೇಡ. ಫಣಿ ಹೆದರಿಸಿದ್ದರಲ್ಲಿ ಅರ್ಧ ನಿಜ ಇದೆ.

ಮೊದಲು ವೈರು. ನಿನ್ನ ಓವನ್‌ಗೆ ಬರೋದು ಮೂರು ತಂತಿ ಇರಬಹುದು. ಎರಡು ಬಿಸಿ, ಒಂದು ನ್ಯೂಟ್ರಲ್. ಆಗ ಅದೇ ನ್ಯೂಟ್ರಲ್ಲನ್ನು ಓವನ್ ಮೈಗೂ ಕಟ್ಟುತ್ತಿದ್ದರು, ಬೇರೆ ಅರ್ತ್ ಇರುತ್ತಿರಲಿಲ್ಲ. ಆ ನ್ಯೂಟ್ರಲ್ ಎಲ್ಲಾದರೂ ಸಡಿಲವಾಗಿ ಬಿಟ್ಟುಹೋದರೆ ದೀಪದ ಮೂಲಕ ಕರೆಂಟು ಓವನ್ನಿನ ಮೈಗೇ ಬರುತ್ತೆ. ಒದ್ದೆ ಕೈಯಲ್ಲಿ ಹಿಡಿ ಹಿಡಿದೆ ಅಂದರೆ ಆಯಿತು. 1996ರ ವಿದ್ಯುತ್ ಕೋಡ್‌ನಿಂದ (ಇಲ್ಲಿನ ವೈರಿಂಗ್ ನಿಯಮ) ಈಚೆ ಹೊಸದಾಗಿ ಎಳೆಯುವ ಲೈನಿಗೆ ನಾಲ್ಕು ತಂತಿ ಕಡ್ಡಾಯ. ಹಳೇ ಲೈನ್ ಕೆಲವು ಷರತ್ತಿನ ಮೇಲೆ ಹಾಗೇ ಉಳಿಯಬಹುದು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆದು ಜಾಯಿಂಟುಗಳನ್ನು ತೋರಿಸು. ಇದರಲ್ಲಿ ಕಾಸು ಉಳಿಸಬೇಡ.

ಹಾಸನ್ ಹುಡುಗ
ನಾಲ್ಕನೇ ತಂತಿ ಎಳೆಸಿಬಿಟ್ಟರೆ ಆಯ್ತಲ್ವಾ ಮಾಮ?

ತಂತಿ ಮಾಮ
ಬೇರೆ ಮನೆಯಾದರೆ ಆಯ್ತು. ಐಕ್ಲರ್ ಮನೆಗೆ ಮೇಲೆ ಅಟ್ಟ ಇಲ್ಲ, ಕೆಳಗೆ ನುಸುಳೋ ಜಾಗ ಇಲ್ಲ. ನೆಲ ಕಾಂಕ್ರೀಟು, ಅದರೊಳಗೆ ಮನೆ ಬೆಚ್ಚಗಿಡೋ ಬಿಸಿನೀರಿನ ಪೈಪು. ನೆಲಕ್ಕೆ ಡ್ರಿಲ್ ಹಾಕಿದರೆ ಕಾರಂಜಿ. ಅದಕ್ಕೆ ಇಲ್ಲಿ ಹೊಸ ವೈರನ್ನು ಸೂರಿನ ಮೇಲೆ ಎಳೀತಾರೆ. ಸೂರು ಹೊಸದಾಗಿ ಹಾಕಿಸುವ ವರ್ಷ ಬಂದರೆ ಅದರ ಜೊತೆಗೇ ಮಾಡಿಸೋದು ಜಾಣತನ.

ಸನ್ನಿವೇಲ್ ಸುಮಾ
ಅಯ್ಯೋ. ಮೊನ್ನೆ ಬಂದ ಕಂಟ್ರಾಕ್ಟರು ನೆಲದಲ್ಲೇ ಎಳೀತೀನಿ ಅಂದಿದ್ದರು! 30 ಇಂಚಿನ ಓವನ್ನಿಗೆ.

ಮಲೆನಾಡಿಗ
ಐಕ್ಲರ್ ಬಗ್ಗೆ ಒಂದು ಮಾತು. ಆ ಮನುಷ್ಯ ಆರ್ಕಿಟೆಕ್ಟ್ ಅಲ್ಲ, ಮೊದಲು ಬೆಣ್ಣೆ-ಮೊಟ್ಟೆ ವ್ಯಾಪಾರದ ಮನೆತನದ ಕೆಲಸದಲ್ಲಿದ್ದವರು. ಫ್ರಾಂಕ್ ಲಾಯ್ಡ್ ರೈಟ್ ವಿನ್ಯಾಸದ ಒಂದು ಮನೆಯಲ್ಲಿ ಬಾಡಿಗೆಗಿದ್ದು ಅದರ ಗುಂಗು ಹಿಡಿದು ಬಿಲ್ಡರ್ ಆದರು. ಕ್ಯಾಲಿಫೋರ್ನಿಯಾದಲ್ಲಿ ಹತ್ತು ಸಾವಿರಕ್ಕೂ ಜಾಸ್ತಿ ಮನೆ ಕಟ್ಟಿಸಿದರು. ಬಣ್ಣ, ಧರ್ಮ ನೋಡದೆ ಯಾರಿಗೆ ಬೇಕಾದರೂ ಮಾರುತ್ತಿದ್ದರು. ಬಿಲ್ಡರ್‌ಗಳ ಸಂಘ ಆ ನೀತಿ ಒಪ್ಪಲಿಲ್ಲ ಅಂತ 1958ರಲ್ಲಿ ಅದನ್ನೇ ಬಿಟ್ಟು ಬಂದರು. ಬೇರೆ ಎಷ್ಟೋ ಬಡಾವಣೆಯಲ್ಲಿ ಆಗ ನಮ್ಮ ಬಣ್ಣದವರಿಗೆ ಮನೆ ಮಾರುತ್ತಲೇ ಇರಲಿಲ್ಲ.

ಫ್ರೀಮಾಂಟ್ ಫಣಿ
ಗೌರವ ಇದೆ ಮಲೆನಾಡಿಗರೇ. ಆದರೆ ಆ ಪುಣ್ಯಾತ್ಮ ಓವನ್ ಮಾಡಲಿಲ್ಲವಲ್ಲ. ಮನೆ ಉಳಿಸಿ, ಓವನ್ ಎಸೀರಿ.

ಹಳೇಕಬ್ಬಿಣ
ಫಣಿ, ನಿಮ್ಮ ಈಗಿನ ಓವನ್ ಎಷ್ಟು ವರ್ಷದ್ದು?

ಫ್ರೀಮಾಂಟ್ ಫಣಿ
ಐದು.

ಹಳೇಕಬ್ಬಿಣ
ಎಷ್ಟು ಸಲ ರಿಪೇರಿ?

ಫ್ರೀಮಾಂಟ್ ಫಣಿ
...ಎರಡು. ಎಲೆಕ್ಟ್ರಾನಿಕ್ ಬೋರ್ಡ್ ಹೋಗಿತ್ತು. ಅದು ಬೇರೆ ವಿಷಯ.

ಹಳೇಕಬ್ಬಿಣ
ಅದೇ ವಿಷಯ ಗುರು! ಸುಮಾ ಅವರ ಓವನ್ನಿನಲ್ಲಿ ಬೋರ್ಡೇ ಇಲ್ಲ. ಎರಡು ಕಾಯಿಲು, ಒಂದು ಥರ್ಮೋಸ್ಟಾಟು, ಒಂದು ಸ್ವಿಚ್ಚು, ಒಂದು ಗಡಿಯಾರ. ಕೆಟ್ಟರೆ ಯಾವುದು ಕೆಟ್ಟಿದೆ ಅಂತ ಮಲ್ಟಿಮೀಟರ್ ಹಿಡಿದ ಯಾರು ಬೇಕಾದರೂ ಹೇಳಬಹುದು. ಬ್ರೇಕರ್ ಆಫ್ ಮಾಡಿ ಕಾಯಿಲಿನ ಒಂದು ತಂತಿ ಬಿಚ್ಚಿ ಅದರ ರೆಸಿಸ್ಟೆನ್ಸ್ ಅಳೆಯಿರಿ. 2500 ವ್ಯಾಟಿನ ಕಾಯಿಲಾದರೆ ಸುಮಾರು 23 ಓಮ್ ಬರಬೇಕು. ಬಂತಾ, ಕಾಯಿಲು ಗಟ್ಟಿ. ಮೀಟರ್ ಏನೂ ತೋರಿಸಲಿಲ್ಲವಾ, ಕಾಯಿಲು ತುಂಡಾಗಿದೆ.

ತಂತಿ ಮಾಮ
240 ಗುಣಿಸು 240, ಭಾಗಿಸು 2500. 23.04. ಭೇಷ್.

ಸನ್ನಿವೇಲ್ ಸುಮಾ
ಈಗ ಹೊಸ ತಲೆನೋವು. 350 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಟ್ಟು ಸಜ್ಜಿಗೆ ಕೇಕ್ ಇಟ್ಟೆ. ಇಪ್ಪತ್ತು ನಿಮಿಷಕ್ಕೆ ಮೇಲೆ ಇದ್ದಿಲು, ಒಳಗೆ ಹಸಿ ಹಿಟ್ಟು. ಗುಬ್ಬಿ ಮೇಲಿನ ನಂಬರ್ ನಂಬೋದಾ ಬೇಡ್ವಾ?

ಗೋಧಿಹಿಟ್ಟು
ನಂಬಬೇಡಿ. ಮೊದಲು ಒಂದು ಓವನ್ ಥರ್ಮಾಮೀಟರ್ ತಂದು ನಡು ತಂತಿ ತಟ್ಟೆಯ ಮಧ್ಯೆ ಇಡಿ. ಅರ್ಧ ಗಂಟೆ ಬಿಡಿ. ಕಾಯಿಲು ಆನ್ ಆದಾಗ ಎಷ್ಟು, ಆಫ್ ಆದಾಗ ಎಷ್ಟು, ಮೂರು ನಾಲ್ಕು ಸಲ ಬರೆದುಕೊಂಡು ಮಧ್ಯದ ಅಂಕಿ ತೆಗೆಯಿರಿ. ಒಂದೇ ಸಲ ನೋಡಿ ತೀರ್ಮಾನ ಮಾಡಬೇಡಿ. ಹಳೇ ಓವನ್ ಉಯ್ಯಾಲೆ ಆಡುತ್ತದೆ.

ಥರ್ಮಾಮೀಟರ್ ಮೇಲೂ ಅನುಮಾನ ಇದ್ದರೆ ಸಕ್ಕರೆ ಪರೀಕ್ಷೆ ಮಾಡಿ. ಸಕ್ಕರೆ ಕರಗೋದು ಸುಮಾರು 366 ಫ್ಯಾರನ್‌ಹೀಟ್‌ನಲ್ಲಿ. ಒಂದು ಚಮಚ ಸಕ್ಕರೆ ಫಾಯಿಲ್ ಮೇಲೆ ಹಾಕಿ 350ಕ್ಕೆ ಕಾಲು ಗಂಟೆ ಇಡಿ. ಹರಳು ಹರಳಾಗೇ ಇರಬೇಕು. ಆಮೇಲೆ ಬೇರೆ ಚಮಚ ಸಕ್ಕರೆ 375ಕ್ಕೆ ಇಡಿ. ಕರಗಿ ಗಾಜಿನ ಹನಿಯಾಗಬೇಕು. 350ರಲ್ಲೇ ಕರಗಿದರೆ ನಿಮ್ಮ ಓವನ್ ಸುಳ್ಳು ಹೇಳ್ತಿದೆ.

ಸನ್ನಿವೇಲ್ ಸುಮಾ
350ರಲ್ಲಿ ಕರಗಿತು. 325ರಲ್ಲೂ ಕರಗಿತು. 300ಕ್ಕೆ ಉಳಿಯಿತು. ಮಗಳು ಫಾಯಿಲ್ ಕಿತ್ತು ಕ್ಯಾಂಡಿ ಅಂತ ತಿಂದಳು.

ಹಳೇಕಬ್ಬಿಣ
ಅಂದರೆ ನಲವತ್ತು ಡಿಗ್ರಿ ಮೇಲೆಯೇ ಜಾಸ್ತಿ ಓಡುತ್ತಿದೆ. ಗುಬ್ಬಿ ಮುಟ್ಟುವ ಮುಂಚೆ ಒಳಗೆ ನೋಡಿ. ಮೇಲ್ಭಾಗದಲ್ಲೋ ಪಕ್ಕದಲ್ಲೋ ಪೆನ್ಸಿಲ್ಲಿನಷ್ಟು ದಪ್ಪದ ಒಂದು ಲೋಹದ ಕಡ್ಡಿ ಇರುತ್ತದೆ. ಅದೇ ಥರ್ಮೋಸ್ಟಾಟಿನ ನಾಲಿಗೆ. ಅದರೊಳಗೆ ದ್ರವ ಇದೆ, ಬಿಸಿಗೆ ಹಿಗ್ಗುತ್ತೆ, ಕೂದಲೆಳೆ ಪೈಪಿನ ಮೂಲಕ ಗುಬ್ಬಿ ಹಿಂದಿನ ಸ್ವಿಚ್ಚನ್ನು ತಳ್ಳುತ್ತೆ. ಕಡ್ಡಿ ಗಾಳಿಯಲ್ಲಿ ತೇಲಬೇಕು, ಎರಡು ಕ್ಲಿಪ್ ಹಿಡಿದಿರಬೇಕು. ಕ್ಲಿಪ್ಪಿನಿಂದ ಜಾರಿ ತಂಪಾದ ಮೂಲೆಗೆ ಒರಗಿದ್ದರೆ ಓವನ್ ಇನ್ನೂ ಬಿಸಿಯಾಗಿಲ್ಲ ಅಂದುಕೊಂಡು ಉರೀತಾನೇ ಇರುತ್ತೆ. ಹುಷಾರು, ಆ ಕೂದಲೆಳೆ ಪೈಪು ಮಡಿಸಿದರೆ ಥರ್ಮೋಸ್ಟಾಟ್ ಮುಗೀತು.

ಸನ್ನಿವೇಲ್ ಸುಮಾ
ಒಂದು ಕ್ಲಿಪ್ ಇಲ್ಲವೇ ಇಲ್ಲ! ಕಡ್ಡಿ ಹಿಂದಿನ ಗೋಡೆಗೆ ಒರಗಿ ಮಲಗಿದೆ.

ಹಳೇಕಬ್ಬಿಣ
ನನ್ನ ಮೂರನೇ ಓವನ್ನಿನಿಂದ (ಇಲ್ಲದ ಓವನ್) ಒಂದು ಕ್ಲಿಪ್ ಕೊಡುತ್ತೇನೆ. ಕಡ್ಡಿ ಕೂರಿಸಿದ ಮೇಲೂ ಹತ್ತಿಪ್ಪತ್ತು ಡಿಗ್ರಿ ಆಚೀಚೆ ಇದ್ದರೆ ಗುಬ್ಬಿ ಎಳೆದು ಹಿಂದೆ ನೋಡಿ. ಎಷ್ಟೋ ಮಾಡೆಲ್‌ನಲ್ಲಿ ಎರಡು ಸಣ್ಣ ಸ್ಕ್ರೂ, ಒಂದು ಹಲ್ಲಿನ ಬಿಲ್ಲೆ ಇರುತ್ತೆ. ಸ್ಕ್ರೂ ಸಡಿಲಿಸಿ ಒಂದೊಂದೇ ಹಲ್ಲು ಸರಿಸಿ, ಮತ್ತೆ ಅಳೆಯಿರಿ. ಒಂದೇ ದಿನ ಮುಗಿಸೋ ಆತುರ ಬೇಡ.

ಡ್ಯಾಲಸ್ ದೀಪು
ಹೊಗೆ ಬಂದಿದ್ದಕ್ಕೆ ಸೆಲ್ಫ್ ಕ್ಲೀನ್ (ಓವನ್ ತಾನೇ ಜಿಡ್ಡು ಸುಟ್ಟು ಶುಚಿಯಾಗೋದು) ಹಾಕಬಹುದಿತ್ತಲ್ಲ?

ಹಳೇಕಬ್ಬಿಣ
1962ರ ಓವನ್ನಿಗೆ ಅದೆಲ್ಲಿಂದ ಬರಬೇಕು? ಜಿಇ ಅದನ್ನು ತಂದಿದ್ದೇ 1963ರಲ್ಲಿ.

ಗೋಧಿಹಿಟ್ಟು
ನಾನು ಮಾಡೋದು ಇದು: ಓವನ್ ಪೂರ್ತಿ ತಣ್ಣಗಿರುವಾಗ ಬ್ರೇಕರ್ ಆಫ್ ಮಾಡಿ, ಒಂದು ಬಟ್ಟಲು ಅಮೋನಿಯಾ ಒಳಗಿಟ್ಟು ಬಾಗಿಲು ಮುಚ್ಚಿ ರಾತ್ರಿಯಿಡೀ ಬಿಡೋದು. ಬೆಳಿಗ್ಗೆ ಜಿಡ್ಡು ಒರೆಸಿದರೆ ಬರುತ್ತೆ.

ತಂತಿ ಮಾಮ
ಕಿಟಕಿ ತೆಗೆದಿಡಿ ಅಂತಲೂ ಹೇಳಮ್ಮ. ಅದೇ ದಿನ ಬ್ಲೀಚ್ ಹತ್ತಿರಕ್ಕೂ ತರಬಾರದು. ಎರಡೂ ಸೇರಿದರೆ ವಿಷದ ಗಾಳಿ. ತಾಮ್ರ, ಅಲ್ಯೂಮಿನಿಯಂ ಪಟ್ಟಿಗಳಿದ್ದರೆ ಅಮೋನಿಯಾಕ್ಕೆ ಕಪ್ಪಾಗುತ್ತವೆ, ಬಿಚ್ಚಿಡಿ. ನನ್ನ ಕೇಳಿದರೆ ಅಡುಗೆ ಸೋಡಾ ಕಲಸಿ ಬಳಿದು ರಾತ್ರಿ ಬಿಡೋದೇ ವಾಸಿ. ಕೈ ನೋಯುತ್ತೆ, ಅಷ್ಟೇ.

ಧಾರವಾಡದಾಕಿ
ತಾಮ್ರಕ್ಕ ಹುಣಸಿಹಣ್ಣು ಇರೂದು ಮರತ್ರೇನು? ಅಮೆರಿಕಾಕ್ಕ ಹೋದ ಮ್ಯಾಲ ಎಲ್ಲಾದಕ್ಕೂ ಬಾಟ್ಲಿ ಹುಡಕ್ತೀರಿ.

ಗೋಧಿಹಿಟ್ಟು
ಒಳಗಿನ ಪಿಂಗಾಣಿ ಲೇಪ ಎಲ್ಲಾದರೂ ಚಕ್ಕೆ ಎದ್ದಿದ್ದರೆ ಬಣ್ಣ ಬಳಿಯೋಕೆ ಹೋಗಬೇಡಿ. ಅದು ಬಣ್ಣ ಅಲ್ಲ, ಕುಲುಮೆಯಲ್ಲಿ ಸುಟ್ಟು ಕೂರಿಸಿದ ಗಾಜು. ಸುಮ್ನೆ ಒಣಗಿಸಿ ಇಟ್ಟುಕೊಳ್ಳಿ. ಹೊರಗಿನ ಬಾಗಿಲ ಮೇಲಿನ ಸಣ್ಣ ಗೀರಿಗೆ ಬೇಕಾದರೆ ಬಣ್ಣ ಹೊಂದಿಸಿ ಮುಟ್ಟಿಸಬಹುದು.

ಫ್ರೀಮಾಂಟ್ ಫಣಿ
ಕಲ್ನಾರಿನ ವಿಷಯ ಎಲ್ಲರೂ ಜಾರಿಸಿಬಿಟ್ಟಿರಿ.

ತಂತಿ ಮಾಮ
ಜಾರಿಸಿಲ್ಲ ಫಣಿ. ಇದರಲ್ಲಿ ನಾನು ನಿನ್ನ ಪಾರ್ಟಿ. ಓವನ್ ಸುತ್ತ ತುಂಬಿರೋದು ಹೆಚ್ಚಾಗಿ ಗಾಜಿನ ಹತ್ತಿ ಅಥವಾ ಕಲ್ಲಿನ ಹತ್ತಿ. ಆದರೆ ಬಾಗಿಲ ಸುತ್ತಿನ ಹಗ್ಗ, ವೈರಿನ ಮೇಲಿನ ಬಿಳೀ ಬಟ್ಟೆ, ಕ್ಯಾಬಿನೆಟ್ ಒಳಗೆ ಹೊಡೆದ ಬೂದು ರಟ್ಟು, ಇವುಗಳಲ್ಲಿ ಕಲ್ನಾರು ಇರಬಹುದು. ಕಣ್ಣಲ್ಲಿ ನೋಡಿ ಹೇಳೋಕೆ ಆಗಲ್ಲ. ಲ್ಯಾಬಿಗೇ ಕಳಿಸಬೇಕು. ಗೊತ್ತಾಗೋವರೆಗೆ ಕೆರೆಯೋದು, ಗುಡಿಸೋದು, ಮನೆಯ ವ್ಯಾಕ್ಯೂಮ್ ಹಾಕೋದು ಯಾವುದೂ ಬೇಡ. ಓವನ್ನನ್ನು ಈಚೆಗೆ ಎಳೆಯೋದೂ ಬೇಡ.

ಮಲೆನಾಡಿಗ
ನಮ್ಮೂರಲ್ಲಿ ಕಲ್ನಾರು ಶೀಟಿನ ಕೆಳಗೇ ಇಡೀ ಶಾಲೆ ಓದಿದೆವು.

ಬಸವನಗುಡಿ ಬಾಲು
ನಾವೂ. ಮಳೆ ಬಂದರೆ ಮೇಷ್ಟ್ರ ಮಾತೇ ಕೇಳ್ತಿರಲಿಲ್ಲ. ಭಾಗ್ಯ.

ಮಲೆನಾಡಿಗ
ಓವನ್‌ಗೇ ಬರೋಣ. ನಮ್ಮ ಮನೆಯದು ಗ್ಯಾಸಿನದು, ಸದಾ ಉರಿಯುವ ಸಣ್ಣ ಪೈಲಟ್ ಜ್ವಾಲೆ. ಅದರ ಬೆಚ್ಚಗೆ ದೋಸೆ ಹಿಟ್ಟು ಡಿಸೆಂಬರಿನಲ್ಲೂ ಉಕ್ಕಿ ಹರಿಯುತ್ತೆ. ಊರಲ್ಲಿ ಒಲೆ ಮೇಲಿನ ಅಟ್ಟ ಮಾಡುತ್ತಿದ್ದ ಕೆಲಸವನ್ನೇ ಇದು ಮಾಡುತ್ತಿದೆ. ಹಪ್ಪಳ ಮೆತ್ತಗಾದರೂ ಅಲ್ಲೇ. ಗ್ಯಾಸ್ ಓವನ್ ಕೊಳ್ಳುವವರಿಗೆ ಒಂದೇ ಕಿವಿಮಾತು. ಹಿಂದಿನ ಹಳೇ ಹಿತ್ತಾಳೆ ಸುರುಳಿ ಪೈಪು ಇದ್ದರೆ ಅದನ್ನು ಅಲುಗಾಡಿಸದೆ ತಿಳಿದವರಿಂದ ಬದಲಾಯಿಸಿ. ಮೇಲೆ ಲೇಪ ಇಲ್ಲದ ಆ ಹಳೇ ಪೈಪುಗಳು ಬೆಸುಗೆಯಲ್ಲಿ ಬಿಟ್ಟುಕೊಳ್ಳುತ್ತವೆ.

ಹಾಸನ್ ಹುಡುಗ
ಕರೆಂಟ್ ಓವನ್‌ಗೂ ಆಗುತ್ತೆ. ದೀಪ ಹಾಕಿಟ್ಟು ಹಿಟ್ಟು ಒಳಗಿಡೋದು. ನಮ್ಮನೆಯವಳು ಒಮ್ಮೆ ಹಿಟ್ಟು ಇರೋದು ಮರೆತು 400ಕ್ಕೆ ಆನ್ ಮಾಡಿದಳು. ಪ್ಲಾಸ್ಟಿಕ್ ಡಬ್ಬಿ ಕರಗಿ ತಂತಿ ತಟ್ಟೆಗೆ ನೇತಾಡ್ತಿತ್ತು, ಹಿಟ್ಟು ಕೆಳಗೆ ಬೆಂದು ದೊಡ್ಡ ಇಡ್ಲಿ.

ಅಲ್ಲಾ, ಹತ್ತು ವರ್ಷ ಆನ್ ಮಾಡಿಲ್ಲ ಅಂದೆನಲ್ಲ. ಯಾಕೆ ಅಂತ ಈಗ ಗೊತ್ತಾಯ್ತಾ?

ಧಾರವಾಡದಾಕಿ
ಒಂದು ಚೀಟಿ ಬರದು ಗುಬ್ಬಿ ಮ್ಯಾಲ ಅಂಟಸ್ರಿ. ನಾ ಹಂಗ ಮಾಡ್ತೀನಿ. "ಹಿಟ್ಟೈತಿ."

ಡ್ಯಾಲಸ್ ದೀಪು
ನನಗೂ ಒಂದು ಕೊಳ್ಳೋ ಆಸೆ ಹುಟ್ಟಿತು. ಎಲ್ಲಿ ಸಿಗುತ್ತೆ?

ಹಳೇಕಬ್ಬಿಣ
ಈ ಕಡೆಯಾದರೆ ಹಳೇ ಸಾಮಾನು ಮಾರುವ ಬರ್ಕ್ಲಿಯ ಅರ್ಬನ್ ಓರ್, ಹ್ಯಾಬಿಟಾಟ್ ರೀಸ್ಟೋರ್ ಅಂಗಡಿಗಳು, ಜಾಹೀರಾತು ವೆಬ್‌ಸೈಟ್ ಕ್ರೇಗ್ಸ್‌ಲಿಸ್ಟ್. ಮನೆ ಕೆಡವುವ ಮುಂಚೆ ನಡೆಯುವ ಮಾರಾಟಗಳು ಎಲ್ಲಕ್ಕಿಂತ ಒಳ್ಳೇವು. ಅಲ್ಲಿ ಓವನ್ ಇನ್ನೂ ಗೋಡೆಯಲ್ಲೇ ಇರುತ್ತೆ, ಆನ್ ಮಾಡಿ ತೋರಿಸಿ ಅಂತ ಕೇಳಬಹುದು. ಅಂಗಳದಲ್ಲಿ ಬಿದ್ದಿರೋದನ್ನು ಹೇಗೆ ಪರೀಕ್ಷೆ ಮಾಡ್ತೀರಿ?

ನಾನು ಪಟ್ಟ ಪಾಡು ಹೇಳುತ್ತೇನೆ. ಫೋಟೋ ನೋಡಿ ಮೂರು ಗಂಟೆ ಕಾರು ಓಡಿಸಿ ಒಂದು ಹಳದಿ ಓವನ್ ತಂದೆ. ಮಾರಿದವರು "ಹೋದ ವಾರವೂ ಕೋಳಿ ಸುಟ್ಟೆವು" ಅಂದಿದ್ದರು. ಮನೆಗೆ ತಂದು ಹಿಂದಿನ ತಗಡು ಬಿಚ್ಚಿದರೆ ವೈರೇ ಇಲ್ಲ, ಇಲಿ ಗೂಡು. ಯಾವ ಕೋಳಿಯೋ.

ತಂತಿ ತಟ್ಟೆಗಳು ಇವೆಯಾ ಅಂತ ತಪ್ಪದೆ ನೋಡಿ. ಕಾಯಿಲು ಹೊಂದಿಸಬಹುದು, ಥರ್ಮೋಸ್ಟಾಟ್ ರಿಪೇರಿಗೆ ಕಳಿಸಬಹುದು, ಆದರೆ ಆ ಅಳತೆಯ ತಟ್ಟೆ ಬೇರೆ ಕಡೆ ಸಿಗೋದು ಕಷ್ಟ. ಮತ್ತೆ ಎತ್ತೋಕೆ ಇಬ್ಬರು ಬೇಕು. ನನ್ನ ಸೊಂಟ ಸಾಕ್ಷಿ. ಒಳಗಿನ ವೈರು ಬದಲಾಯಿಸುವಾಗ ಮಾಮೂಲಿ ಮನೆ ವೈರು ಹಾಕಬೇಡಿ, ಬಿಸಿ ತಡೆಯುವ ಓವನ್ ವೈರೇ ಬೇರೆ ಬರುತ್ತೆ.

ಡ್ಯಾಲಸ್ ದೀಪು
1955ರ ಟ್ಯಾಪನ್ ಮೈಕ್ರೋವೇವ್ ಸಿಕ್ಕರೆ ತರಲಾ? ಆಗಲೇ 1,295 ಡಾಲರ್ ಅಂತೆ. ಕೆಳಗೆ ಅಡುಗೆ ಚೀಟಿ ಇಡೋಕೆ ಡ್ರಾಯರ್ ಬೇರೆ.

ತಂತಿ ಮಾಮ
ತಂದರೆ ಷೋಕೇಸಿನಲ್ಲಿಡು. ಪ್ಲಗ್ ಮಾತ್ರ ಹಾಕಬೇಡ. ಮೈಕ್ರೋವೇವ್ ಒಳಗಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಹೊಡೆಯುತ್ತೆ. ಅದು ಹವ್ಯಾಸದವರ ಕೆಲಸ ಅಲ್ಲ.

ಸನ್ನಿವೇಲ್ ಸುಮಾ
ಒಂದು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಕೇಳಿದವರಿಗೆಲ್ಲ ಒಟ್ಟಿಗೆ ಉತ್ತರ.

ಲ್ಯಾಬಿಗೆ ಕಳಿಸುವ ತುಂಡುಗಳನ್ನು ತೆಗೆಯೋಕೂ ಅದರ ಕೆಲಸದವರನ್ನೇ ಕರೆಸಿದೆ. ಓವನ್ ಸುತ್ತಿನ ಹಳದಿ ಹತ್ತಿ ಬರೀ ಗಾಜಿನ ಹತ್ತಿ. ಆದರೆ ಕ್ಯಾಬಿನೆಟ್ ಹಿಂಬದಿಯ ಬೂದು ರಟ್ಟಿನಲ್ಲಿ ಕಲ್ನಾರು ಇದೆ ಅಂತ ಬಂತು. ಫಣಿ, ಗೆದ್ದಿರಿ. ಲೈಸೆನ್ಸ್ ಇದ್ದವರು ಬಂದು ಅಡುಗೆಮನೆಗೆ ಪ್ಲಾಸ್ಟಿಕ್ ಪರದೆ ಕಟ್ಟಿ ತೆಗೆದರು. ಎರಡು ದಿನ ನಾವು ಅಂಗಳದಲ್ಲಿ ಇಂಡಕ್ಷನ್ ಒಲೆ ಇಟ್ಟು ಚಿತ್ರಾನ್ನ ತಿಂದೆವು. ಓವನ್ನಿಗಿಂತ ಅದಕ್ಕೇ ದುಡ್ಡು ಜಾಸ್ತಿ ಹೋಯಿತು.

ಎಲೆಕ್ಟ್ರಿಷಿಯನ್ ಪೆಟ್ಟಿಗೆ ಬಿಚ್ಚಿದಾಗ ನ್ಯೂಟ್ರಲ್ ಜಾಯಿಂಟು ಬೆರಳಲ್ಲಿ ಅಲ್ಲಾಡುತ್ತಿತ್ತು. ಮಾಮ, ಅದನ್ನು ನೋಡಿ ನನ್ನ ಎದೆ ಧಸಕ್ ಅಂದಿತು. ದಿನಾ ಒದ್ದೆ ಕೈಯಲ್ಲೇ ಬಾಗಿಲು ಎಳೆಯುತ್ತಿದ್ದೆ. ಈಗ ಜಾಯಿಂಟು ಹೊಸದು. ನಾಲ್ಕು ತಂತಿಯ ಲೈನ್ ಮುಂದಿನ ವರ್ಷ, ಸೂರಿನ ಕೆಲಸದ ಜೊತೆ.

ಹಳೇಕಬ್ಬಿಣ ಅವರ ಕ್ಲಿಪ್ ಕೂರಿಸಿದೆ. ಕಡ್ಡಿ ನೆಟ್ಟಗೆ ನಿಂತಿತು. ಎರಡು ಹಲ್ಲು ಸರಿಸಿದ ಮೇಲೆ 350ಕ್ಕೆ ಇಟ್ಟರೆ 340ರಿಂದ 365ರ ಮಧ್ಯೆ ಆಡುತ್ತೆ. ನಿನ್ನೆ ಖಾರಾ ಬಿಸ್ಕತ್ತು ಮಾಡಿದೆ. ಹಸಿಮೆಣಸಿನಕಾಯಿ, ಕರಿಬೇವು, ಬೆಣ್ಣೆ ಸ್ವಲ್ಪ ಧಾರಾಳ. ಓವನ್ ಬಾಗಿಲು ತೆಗೆದಾಗ ಮನೆಯೊಳಗೆ ಗಾಂಧಿಬಜಾರಿನ ಬೇಕರಿ ವಾಸನೆ. ನಮ್ಮೆಜಮಾನ್ರು ಆರು ತಿಂದು, "ಕೊಯ್ಯಿಸು ಅಂದಿದ್ದು ಯಾರು?" ಅಂತ ನನ್ನನ್ನೇ ಕೇಳಿದರು.

ಫ್ರೀಮಾಂಟ್ ಫಣಿ
ಕಲ್ನಾರಿನಲ್ಲಿ ಗೆದ್ದೆ, ಬಿಸ್ಕತ್ತಿನಲ್ಲಿ ಸೋತೆ. ಆದರೂ ಒಂದು ಲೆಕ್ಕ ಹೇಳಿ. ಎಲ್ಲಾ ಸೇರಿ ಹೊಸ ಓವನ್ನಿಗಿಂತ ಜಾಸ್ತಿ ಆಯ್ತೋ ಇಲ್ವೋ?

ಸನ್ನಿವೇಲ್ ಸುಮಾ
ಹೊಸ ಓವನ್ ಹಾಕಿದ್ದರೂ ಆ ರಟ್ಟು ತೆಗೆಸಲೇಬೇಕಿತ್ತಲ್ಲ ಫಣಿ. ಅದನ್ನು ಬಿಟ್ಟರೆ ಎಲೆಕ್ಟ್ರಿಷಿಯನ್, ಥರ್ಮಾಮೀಟರ್, ಅರ್ಧ ಕೆಜಿ ಸಕ್ಕರೆ.

ಗೋಧಿಹಿಟ್ಟು
ಬಿಸ್ಕತ್ತಿನ ಅಳತೆ ಹಾಕಿ. ಮಿಕ್ಕಿದ್ದೆಲ್ಲ ಆಮೇಲೆ.

ಹಾಸನ್ ಹುಡುಗ
ಬೇಕರಿ ಅಂದರೆ ಹಾಸನದವರ ಅಪ್ಪಣೆ ಬೇಕು. ಬೆಂಗಳೂರಿನ ಅಯ್ಯಂಗಾರ್ ಬೇಕರಿಯವರಲ್ಲಿ ಅರ್ಧಕ್ಕರ್ಧ ನಮ್ಮ ಕಡೆಯವರೇ. ಕೊಟ್ಟಿದ್ದೇನೆ, ಮಾಡಿ.

ಅಂದಹಾಗೆ ಸುಮಾ ಅವರೇ, ಹಿಟ್ಟಿನ ಚೀಟಿ ಅಂಟಿಸಿದ್ರಾ?

ಸನ್ನಿವೇಲ್ ಸುಮಾ
ಅಂಟಿಸಿದ್ದೆ. ಇವತ್ತು ಬೆಳಿಗ್ಗೆ ನಮ್ಮೆಜಮಾನ್ರು ಬಿಸ್ಕತ್ತು ಬಿಸಿ ಮಾಡೋಕೆ ಹೋಗಿ ಚೀಟಿ ಕಿತ್ತು, ಓದದೆ ಜೇಬಿಗೆ ಹಾಕ್ಕೊಂಡು, ಆನ್ ಮಾಡಿದ್ದಾರೆ. ಸ್ಟೀಲ್ ಡಬ್ಬಿ, ಅದೇ ಪುಣ್ಯ.